ಎದುರು ಖುರ್ಚಿಯ ಗದಿಗೆಮ್ಮ

ಬೆಳಗಿನ ಆರೂವರೆ. ಹೈದರಾಬಾದಿನ ನಾರಾಯಣಗೂಡದ ಆ ಕಾಲೇಜಿನ ಎರಡನೇ ಮಹಡಿಯಲ್ಲಿ ಈ ಹೊತ್ತಿಗೆ ಪಾರಿವಾಳಗಳದೇ ಆಡಳಿತ. ಗದಿಗೆಮ್ಮ ಅವುಗಳನ್ನು ಉಶ್ ಎಂದು ಬದಿಗೆ ಸರಿಸಿ, ಸೊಂಟಕ್ಕೆ ಸಿಕ್ಕಿಸಿದ ಗೊಂಚಲಿನಿಂದ ಒಂದು ಕೀಲಿ ಆರಿಸಿ, ಲ್ಯಾಂಗ್ವೇಜ್ ಲ್ಯಾಬಿನ ಬಾಗಿಲು ತೆಗೆಯುತ್ತಾರೆ. ಒಳಗೆ ಇಪ್ಪತ್ತು ಹೆಡ್‌ಫೋನುಗಳು ಮೊಳೆಗೆ ನೇತಾಡುತ್ತಿವೆ. ಕೆಲಸ ಮಾಡುವವು ಹದಿನಾಲ್ಕು. ಒರೆಸುವುದು ಮಾತ್ರ ಇಪ್ಪತ್ತನ್ನೂ. ಕೆಟ್ಟವನ್ನು ಯಾಕೆ ಒರೆಸಬೇಕು ಎಂದರೆ, "ಮಾತು ನಿಂತ್ರೇನ್ರಿ, ಧೂಳು ಕುಂದ್ರೂದು ನಿಂದರತೈತೇನು?" ಎಂದು ಕೇಳುತ್ತಾರೆ.

ಅಷ್ಟರಲ್ಲಿ ಹೆಲ್ಮೆಟ್ ಕೈಯಲ್ಲಿ ಹಿಡಿದು ದೀಪ್ತಿ ಬರುತ್ತಾಳೆ. ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ನೌಕರಿ; ವಾರದಲ್ಲಿ ಶನಿವಾರ ಬೆಳಿಗ್ಗೆ ಮಾತ್ರ ಬಿಡುವು. ಕಿಟಕಿಯ ಹತ್ತಿರ ಒಂದು ಸಣ್ಣ ಮೇಜು, ಎದುರು ಬದುರು ಎರಡು ಖುರ್ಚಿ. ಗದಿಗೆಮ್ಮ ಸೆರಗಿಗೆ ಕೈ ಒರೆಸಿಕೊಂಡು ಕೂರುತ್ತಾರೆ. ಒಂದು ಹಳೆಯ ಡಬ್ಬಿಯಿಂದ ಹುಣಸೆ ಬೀಜಗಳನ್ನು ಸುರಿದು ತಮ್ಮ ಬದಿಗೆ ರಾಶಿ ಹಾಕಿಕೊಳ್ಳುತ್ತಾರೆ. ದೀಪ್ತಿ ಸ್ಪ್ಯಾನಿಷಿನಲ್ಲಿ ಮಾತು ಶುರು ಮಾಡುತ್ತಾಳೆ. ಇವತ್ತಿನ ವಿಷಯ ಮಹಾನಗರಗಳ ನೀರಿನ ಸಮಸ್ಯೆ. ಎರಡು ನಿಮಿಷ ಮಾತು ಸರಾಗವಾಗಿ ಹರಿಯುತ್ತದೆ. ಗದಿಗೆಮ್ಮ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಾರೆ. ಆಮೇಲೆ ಒಂದು ಬೀಜವನ್ನು ಬೆರಳಿನಿಂದ ಮೇಜಿನ ಆಚೆಗೆ ತಳ್ಳುತ್ತಾರೆ.

"ನೋ ಎಂತಿಯೆಂದೊ." ತಿಳೀಲಿಲ್ಲ ಎಂದರ್ಥ.

ದೀಪ್ತಿ ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾಳೆ. ಇನ್ನೊಂದು ಬೀಜ. ಮತ್ತೆ ಹೇಳುತ್ತಾಳೆ, ಈ ಸಲ ಇನ್ನೂ ಸಣ್ಣ ಮಾತಿನಲ್ಲಿ. ಗದಿಗೆಮ್ಮನ ಹುಬ್ಬು ಮೇಲೇರುತ್ತದೆ, ತಲೆ ಅಲ್ಲಾಡುತ್ತದೆ. ದಾರಿ ಬಿಟ್ಟುಕೊಟ್ಟ ಹಾಗೆ. ಮಾತು ಮುಂದೆ ಸಾಗುತ್ತದೆ.

ಐವತ್ತೊಂದು ವರ್ಷದ ಗದಿಗೆಮ್ಮ ಈ ಕಾಲೇಜಿನ ವಿದ್ಯಾರ್ಥಿನಿಯೂ ಅಲ್ಲ, ಶಿಕ್ಷಕಿಯೂ ಅಲ್ಲ. ಲ್ಯಾಬಿನ ಅಟೆಂಡರು. ಕಸ ಗುಡಿಸುವುದು, ನೀರು ತುಂಬುವುದು, ಬಾತ್‌ರೂಮು ತೊಳೆಯುವುದು, ಕೀಲಿ ಕಾಯುವುದು ಎಲ್ಲ ಅವರದೇ. ಹದಿನಾರು ವರ್ಷಗಳಿಂದ ಇಲ್ಲಿ ಸ್ಪ್ಯಾನಿಷ್ ಕಲಿಯಲು ಬಂದವರ ಎದುರಿನ ಖುರ್ಚಿಯಲ್ಲಿ ಕೂತಿದ್ದಾರೆ. ಹಾಗೆ ಕೂತದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ ಹದಿನಾರು ವರ್ಷ ಯಾರ ತಲೆಗೂ ಹೊಳೆದಿರಲಿಲ್ಲ. ಕಳೆದ ತಿಂಗಳು ಹೊಳೆಯಿತು. ಅದರೊಂದಿಗೆ ದೀಪ್ತಿಯ ಪರೀಕ್ಷೆಯೂ ತೂಗುಯ್ಯಾಲೆಗೆ ಬಿತ್ತು.

ಕೋರ್ಸಿನ ವ್ಯವಸ್ಥೆ ಸರಳ. ಮೂರು ಲೆವೆಲ್. ಈ ವರ್ಷ ಮೊದಲನೆಯದಕ್ಕೆ ಸೇರಿದವರು ಅರವತ್ತೆರಡು ಮಂದಿ; ಎರಡನೆಯದರಲ್ಲಿ ಹತ್ತೊಂಬತ್ತು; ಮೂರನೆಯದರಲ್ಲಿ ದೀಪ್ತಿಯೂ ಸೇರಿ ಏಳು. ಉಳಿದವರೆಲ್ಲ ಎಲ್ಲಿ ಹೋದರು ಎಂದು ಕೇಳಬಾರದು. ನೌಕರಿ, ಮದುವೆ, ಜರ್ಮನ್ ಎಂದು ಏನೇನೋ ಆಗುತ್ತದೆ. ಪ್ರತಿ ಲೆವೆಲ್ಲಿಗೂ ಪಾಠದ ಜೊತೆಗೆ ಇಪ್ಪತ್ತು 'ಮಾತಿನ ತಾಸು' ಕಡ್ಡಾಯ. ಇಬ್ಬರು ಎದುರು ಬದುರು ಕೂತು ಒಂದು ತಾಸು ಮಾತಾಡಬೇಕು, ರಿಜಿಸ್ಟರಿನಲ್ಲಿ ಇಬ್ಬರೂ ಹೆಸರು ಬರೆಯಬೇಕು. ತಾಸು ತುಂಬದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಎಣಿಕೆ ಬೆಸವಾದರೆ, ಇಲ್ಲವೇ ಜೊತೆಗಾರ ಹಾಸಿಗೆ ಬಿಟ್ಟು ಏಳದಿದ್ದರೆ, ಒಬ್ಬರ ಎದುರಿನ ಖುರ್ಚಿ ಖಾಲಿ.

ಆ ಖಾಲಿ ಖುರ್ಚಿಗೆ ಗದಿಗೆಮ್ಮನನ್ನು ಕೂರಿಸಿದ್ದು ಹಿಂದಿನ ಶಿಕ್ಷಕಿ. "ಸುಮ್ನ ಕುಂದ್ರು, ಹುಡುಗ ಗೋಡಿ ಮುಂದ ಮಾತಾಡಾಕತ್ತಾನ ಅಂದ್ರು. ಕುಂತೆ. ರಿಜಿಸ್ಟರ್‌ನ್ಯಾಗ ಏನ್ ಬರೀಲ್ರಿ ಅಂದೆ. ಎದುರಿಗೆ ಯಾರು ಕುಂತಿರತಾರ ಅವರ ಹೆಸರು ಅಂದ್ರು. ನನ್ನ ಹೆಸರು ಬರದೆ," ಎನ್ನುತ್ತಾರೆ ಗದಿಗೆಮ್ಮ. ನಾಲ್ಕನೇ ತರಗತಿಯವರೆಗೆ ಊರಿನ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ, ಗುಂಡು ಗುಂಡಾಗಿ. ಇಂಗ್ಲಿಷ್ ಹೆಸರುಗಳ ಸಾಲಿನ ನಡುವೆ ಅದೊಂದು ಕನ್ನಡದ ಸಹಿ, ಮದುವೆಯ ಊಟದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಅಜ್ಜಿಯಂತೆ, ಹದಿನಾರು ವರ್ಷದಿಂದ ಕೂತಿದೆ.

ಅವರ ಅಪ್ಪ ಅವ್ವ ಗುರುಮಠಕಲ್ ಕಡೆಯ ಹಳ್ಳಿಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅಪ್ಪ ಹುಸೇನಪ್ಪ ಗೌಂಡಿ, ಅವ್ವ ಬುಟ್ಟಿ ಹೊರುವಾಕೆ. ಎಲ್ಲಿ ಕಟ್ಟಡವೋ ಅಲ್ಲಿ ತಗಡಿನ ಗುಡಿಸಲು. ಕಟ್ಟಡಕ್ಕೆ ಬಣ್ಣ ಬಂದ ದಿನ ಗುಡಿಸಲು ಇನ್ನೊಂದು ಕಡೆಗೆ. ಹಾಗಾಗಿ ಗದಿಗೆಮ್ಮನಿಗೆ ತೆಲುಗು ಬರುತ್ತದೆ, ಹೈದರಾಬಾದಿನ ಹಿಂದಿ ಬರುತ್ತದೆ. ಮನೆಯಲ್ಲಿ ಮಾತ್ರ ಕನ್ನಡ. ಗಂಡ ಲಿಂಗಣ್ಣ ಮಿಯಾಪುರದ ಅಪಾರ್ಟ್‌ಮೆಂಟ್ ಒಂದರ ವಾಚ್‌ಮನ್. ಪಾರ್ಕಿಂಗಿನ ಮೂಲೆಯ ಕೋಣೆಯಲ್ಲಿ ಇಬ್ಬರ ಸಂಸಾರ. ಮೆಟ್ರೊ ಶುರುವಾಗುವುದೇ ಆರಕ್ಕೆ, ಆ ಹೊತ್ತಿಗೆ ಹೊರಟರೆ ಲ್ಯಾಬಿಗೆ ತಡ. ಅದಕ್ಕೇ ಐದೂ ಕಾಲಿನ ಬಸ್ಸು. ಹೊರಡುವಾಗ ಲಿಂಗಣ್ಣ ದಿನಾ ಒಂದೇ ಮಾತು ಕೇಳುತ್ತಾನಂತೆ: "ಏನ್ರಿ ಸ್ಪೇನ್ ರಾಣಿ, ಹೊಂಟ್ರೇನು ದರ್ಬಾರಿಗೆ? ಚಹಾದ ಪಾತ್ರಿ ಯಾವ ದಾಸಿ ತೊಳೀಬೇಕು?"

"ಅದಕ್ಕ ನಾ ಅವನ ಭಾಷಾದಾಗ ಉತ್ತರ ಕೊಡಂಗಿಲ್ರಿ. ನನ್ನ ಭಾಷಾದಾಗ ಕೊಡ್ತೀನಿ," ಎಂದು ಗದಿಗೆಮ್ಮ ನಗುತ್ತಾರೆ. ಆ ಉತ್ತರ ಮೊದಲನೇ ಲೆವೆಲ್ಲಿನ ಎರಡನೇ ಪಾಠದಲ್ಲಿದೆ: ಧನ್ಯವಾದ, ನಾಳೆ ಸಿಗೋಣ.

ಅವರಿಗೆ ಎಷ್ಟು ಸ್ಪ್ಯಾನಿಷ್ ಬರುತ್ತದೆ? ಈ ಪ್ರಶ್ನೆಗೆ ಅವರದೇ ಅಳತೆಯಿದೆ. ಮೊದಲನೇ ಲೆವೆಲ್ ಪೂರ್ತಿ, ಎರಡನೆಯದು ಅರ್ಧ, ಮೂರನೆಯದು ಮುಖ ನೋಡಿ. ಓದಲು, ಬರೆಯಲು ಬರುವುದಿಲ್ಲ. ವ್ಯಾಕರಣ ಏನೆಂದು ತಿಳಿಯದು. ಆದರೆ ಮೊದಲನೇ ಲೆವೆಲ್ಲಿನವರು ಕೇಳುವ ಒಂದು ಪ್ರಶ್ನೆಗೆ ಇಡೀ ಕಾಲೇಜಿನಲ್ಲಿ ಅವರಷ್ಟು ಅಧಿಕಾರವಾಣಿಯಿಂದ ಉತ್ತರಿಸುವವರಿಲ್ಲ: ಬಾತ್‌ರೂಮು ಎಲ್ಲಿದೆ? "ಎಡಕ್ಕೆ, ಎರಡನೇ ಬಾಗಿಲು, ಈಗ ಒದ್ದೆ ಇದೆ," ಎಂದು ಸ್ಪ್ಯಾನಿಷಿನಲ್ಲೇ ಹೇಳುತ್ತಾರೆ. ಕೊನೆಯ ಮಾತು ಪಠ್ಯದಲ್ಲಿಲ್ಲ.

ಹದಿನಾರು ವರ್ಷ ಎದುರಿಗೆ ಕೂತು ಅವರು ಕಂಡುಕೊಂಡದ್ದು ಬೇರೆಯೇ. "ಮೊದಲನೇ ಲೆವೆಲ್‌ನವರು ಸುಳ್ಳು ಹೇಳಂಗಿಲ್ರಿ. ಪಾಪ, ಹೇಳಾಕ ಶಬ್ದನ ಇರಂಗಿಲ್ಲ. ನನಗ ಒಬ್ಬ ತಮ್ಮ ಅದಾನ, ನಾ ಕಾಫಿ ಕುಡಿಯಂಗಿಲ್ಲ, ನನಗ ಹಸಿವಾಗೈತಿ. ಮುಗೀತು. ಎರಡನೇದಕ್ಕ ಬಂದ್ರ ನಿನ್ನಿ ಏನ್ ಮಾಡಿದೆ ಅಂತ ಹೇಳಾಕ ಬರತೈತಿ. ಅಲ್ಲಿಂದ ಸುಳ್ಳು ಶುರು ಆಗತೈತಿ. ಮೂರನೇದಕ್ಕ ಬಂದ್ರ, ಹಂಗ ಆಗಿದ್ರ ಹಿಂಗ ಆಗ್ತಿತ್ತು ಅನ್ನೂದು ಕಲಸ್ತಾರ. ಆಮ್ಯಾಲ ಕೇಳಬ್ಯಾಡ್ರಿ, ಒಬ್ಬೊಬ್ಬರು ಒಂದೊಂದು ಪಾರ್ಟಿ ಲೀಡರ್."

ಹುಣಸೆ ಬೀಜದ ಏರ್ಪಾಡು ಇದೇ ಕಾರಣಕ್ಕೆ ಹುಟ್ಟಿದ್ದು. ತಿಳಿಯದ ಮಾತಿಗೊಂದು ಬೀಜ. ಮೊದಲನೇ ಲೆವೆಲ್ಲಿನವರ ಬದಿಗೆ ತಾಸಿಗೆ ನಾಲ್ಕೋ ಐದೋ ಬೀಳುತ್ತವೆ. ಎರಡನೆಯದರಲ್ಲಿ ಹತ್ತು. ಮೂರನೆಯದಕ್ಕೆ ಕಾಲಿಟ್ಟವರ ಮುಂದೆ ಪುಟ್ಟ ಗುಡ್ಡವೇ ಏಳುತ್ತದೆ. ಕಲಿತ ದೊಡ್ಡ ಮಾತುಗಳನ್ನೆಲ್ಲ ಒಮ್ಮೆಲೇ ಖರ್ಚು ಮಾಡುವ ಹುರುಪು. ವರ್ಷದ ಕೊನೆಗೆ ಗುಡ್ಡ ಕರಗಬೇಕು, ಅಷ್ಟೇ. ಅದೇ ವಿಷಯವನ್ನು ಗದಿಗೆಮ್ಮನಿಗೆ ತಿಳಿಯುವಂತೆ ಹೇಳಲು ಬಂದರೆ ಭಾಷೆ ಬಂತು ಎಂದರ್ಥ.

ಈಗಿನ ಸ್ಪ್ಯಾನಿಷ್ ಶಿಕ್ಷಕಿ ಸುಹಾಸಿನಿ ಇದನ್ನು ಒಪ್ಪುತ್ತಾರೆ. ಧಾರವಾಡದ ಕಡೆಯಿಂದ ಅಜ್ಜನ ಕಾಲಕ್ಕೇ ಬಂದು ಇಲ್ಲಿ ಸರ್ಕಾರಿ ನೌಕರಿಯಲ್ಲಿ ನೆಲೆಯಾದ ಮನೆತನ ಅವರದು. "ಗೆಳತಿ ಎದುರಿಗೆ ಕೂತಾಳ ಅನ್ರಿ, ತಿಳೀದಿದ್ರೂ ತಲಿ ಆಡಸ್ತಾಳ, ತನ್ನ ಪಾಳಿ ಲಗೂನ ಬರಲಿ ಅಂತ. ನಾ ಕೂತ್ರ ತಪ್ಪು ತಿದ್ದತೀನಿ, ಹುಡುಗರು ಬಾಯಿ ಮುಚ್ಚತಾರ. ಗದಿಗೆಮ್ಮ ತಿದ್ದೂದಿಲ್ಲ, ಬಿಡೂದೂ ಇಲ್ಲ."

ಫೆಬ್ರವರಿಯಲ್ಲಿ ಹೊರಗಿನ ಮೂವರು ದಾಖಲೆಗಳ ಪರಿಶೀಲನೆಗೆ ಬಂದರು. ಬಂದವರು ಕಪಾಟು ತೆಗೆಸಿ ನೋಡಿದರು, ರಿಜಿಸ್ಟರು ತಿರುವಿದರು, ಚಹಾ ಕುಡಿದು ಹೋದರು. ಅವರ ಟಿಪ್ಪಣಿ ಒಂದು ವಾರದ ಮೇಲೆ ಬಂತು. ಕಾಲೇಜಿನ ಸೂಪರಿಂಟೆಂಡೆಂಟ್ ಕಾಶಿನಾಥರು ಅದನ್ನು ಮೂರು ಸಲ ಓದಿದರಂತೆ. ಗದಿಗೆಮ್ಮ ಎಂಬ ವಿದ್ಯಾರ್ಥಿನಿಯು ಹದಿನಾರು ವರ್ಷಗಳಿಂದ ಮೂರೂ ಲೆವೆಲ್‌ಗಳಲ್ಲಿ ಏಕಕಾಲಕ್ಕೆ ವ್ಯಾಸಂಗ ಮಾಡುತ್ತಿರುವುದು ಕಂಡುಬಂದಿದೆ, ಪ್ರವೇಶ ಪಡೆದಿಲ್ಲ, ಒಮ್ಮೆಯೂ ಪರೀಕ್ಷೆಗೆ ಹಾಜರಾಗಿಲ್ಲ, ವಿವರಣೆ ನೀಡುವುದು.

ಕಾಶಿನಾಥರು ಬೀದರ ಕಡೆಯವರು. ಕಚೇರಿಯಲ್ಲಿ ತೆಲುಗು, ಸಿಟ್ಟು ಬಂದರೆ ಹಿಂದಿ, ಗದಿಗೆಮ್ಮನ ಜೊತೆ ಕನ್ನಡ.

"ಏನವ್ವಾ, ಎಷ್ಟನೇತ್ತ ಓದಾಕತ್ತಿ?"

"ನಾಕನೇತ್ತಕ್ಕ ಬಿಟ್ಟೀನ್ರಿ ಸಾಹೇಬ್ರ."

"ಇಲ್ಲಿ ನೋಡಿದ್ರ ಮೂರು ಕ್ಲಾಸು ಒಮ್ಮೆಲೇ ಓದಾಕತ್ತಿ. ನನ್ನ ಮಗಳು ಒಂದು ಡಿಗ್ರಿಗೆ ಆರು ವರ್ಷ ಒದ್ದಾಡ್ಯಾಳ."

ನಗೆಯಾಡುವ ಮಾತು ಅಲ್ಲಿಗೇ ಮುಗಿಯಿತು. ಜೊತೆಗಾರರ ಕಾಲಮಿನಲ್ಲಿ ಪ್ರವೇಶ ಪಡೆದ ವಿದ್ಯಾರ್ಥಿಯ ಹೆಸರೇ ಇರಬೇಕು, ಇಲ್ಲದಿದ್ದರೆ ಆ ತಾಸು ಅಸಿಂಧು. ಮೂರನೇ ಲೆವೆಲ್ಲಿನ ಉಳಿದ ಆರು ಜನರಿಗೆ ಹೋಗುವುದು ತಲಾ ಎರಡೋ ಮೂರೋ ತಾಸು. ಒಂದು ವಾರದಲ್ಲಿ ತುಂಬಿಸಬಹುದು. ದೀಪ್ತಿಯದು ಹಾಗಲ್ಲ. ಶನಿವಾರ ಬೆಳಿಗ್ಗೆ ಬೇರೆ ಯಾರೂ ಬರುವುದಿಲ್ಲವಾಗಿ, ಅವಳು ಮುಗಿಸಿದ್ದ ಹದಿನೆಂಟು ತಾಸೂ ಗದಿಗೆಮ್ಮನ ಎದುರೇ. ಪರೀಕ್ಷೆಗೆ ಉಳಿದದ್ದು ಇಪ್ಪತ್ತು ದಿನ. ಈ ಪರೀಕ್ಷೆ ದಾಟಿದರೆ ಕಂಪನಿಯಲ್ಲಿ ಸ್ಪ್ಯಾನಿಷ್ ವಿಭಾಗಕ್ಕೆ ಬಡ್ತಿ ಎಂದು ಬರೆದು ಕೊಟ್ಟಿದ್ದರು. ತಪ್ಪಿದರೆ ಮುಂದಿನ ವರ್ಷ, ಅದೂ ಆ ವಿಭಾಗ ಅಲ್ಲಿಯವರೆಗೆ ಇದ್ದರೆ.

ಕಾಶಿನಾಥರು ಕೆಟ್ಟವರಲ್ಲ. ದಾರಿಯನ್ನೂ ಅವರೇ ತೋರಿಸಿದರು. "ನಾ ಕಾವಲಿಗೆ ಕುಂತಿದ್ದೆ, ತಪ್ಪು ಕಾಲಮಿನ್ಯಾಗ ಹೆಸರು ಬರದೀನಿ ಅಂತ ಒಂದು ಅರ್ಜಿಗೆ ಸಹಿ ಹಾಕು. ಆ ಜಾಗಾದಾಗ ಉಳಿದ ಆರು ಹುಡುಗರ ಹೆಸರು ಹಂಚಿ ಬರಸ್ತೀನಿ. ಯಾರಿಗೂ ನುಕ್ಸಾನ್ ಇಲ್ಲ."

ಗದಿಗೆಮ್ಮ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಅಲ್ರಿ ಸಾಹೇಬ್ರ, ಆ ಹುಡುಗರು ಶನಿವಾರ ಮಲಗಿರತಾರ. ಮಲಗಿದವರು ತಿಳೀಲಿಲ್ಲ ಅಂತ ಹೆಂಗ ಅಂತಾರ? ಹದಿನೆಂಟು ತಾಸು ಈ ಹುಡುಗಿ ಖಾಲಿ ಖುರ್ಚಿ ಮುಂದ ಮಾತಾಡಿದ್ಲು ಅಂತ ಬರೀತೀರೇನು?"

ದೀಪ್ತಿಯ ಕನ್ನಡ ಅಜ್ಜಿಯಿಂದ ಬಂದದ್ದು, ತೆಲುಗಿನ ಒಗ್ಗರಣೆ ಬಿದ್ದದ್ದು. ಪಕ್ಕದಲ್ಲೇ ನಿಂತಿದ್ದ ಅವಳು ಮುಚ್ಚುಮರೆ ಮಾಡಲಿಲ್ಲ. "ಗದಿಗೆಮ್ಮಾ, ಒಂದು ಸಹಿ ಕದಾ. ಹಾಕಿಬಿಡ್ರಿ, ಪ್ಲೀಸ್."

"ನನ್ನ ಮುಂದ ಕುಂತ ತಾಸು ಮತ್ತೊಬ್ಬರ ಹೆಸರಿಗೆ ಹೋದ್ರ ನಿನಗ ನಡೀತೈತೇನವ್ವಾ?"

"ನಡೀತದ್ರಿ," ಎಂದಳು ದೀಪ್ತಿ.

ಆ ಉತ್ತರ ನೆಟ್ಟಗೆ ಎದೆಗೆ ನಾಟಿತು ಎಂದು ಗದಿಗೆಮ್ಮ ಈಗಲೂ ಹೇಳುತ್ತಾರೆ. ಆದರೆ ಹುಡುಗಿಯ ಮೇಲೆ ಸಿಟ್ಟಿಲ್ಲ. "ಅಕಿ ಬದುಕು ಅಕಿಗೆ ದೊಡ್ಡದು. ನನ್ನ ಹೆಸರು ಏನ್ ದೊಡ್ಡದ್ರಿ? ಆದ್ರ ಸುಳ್ಳು ಅಂತ ನಾನ ಬರದು ಕೊಡಬೇಕಲ್ಲ, ಅದು ಕೈಗೆ ಬರಲಿಲ್ಲ." ಮರುದಿನ ಸುಹಾಸಿನಿಯವರ ಹತ್ತಿರ ಹೋಗಿ ಒಂದೇ ಮಾತು ಹೇಳಿದರು: "ಮೇಡಂ, ಯಾರರೆ ತಿಳಿದವರು ಒಮ್ಮೆ ನಮ್ಮನ್ನ ಕೇಳಲಿ. ಕೇಳಿ, ಇದು ಮಾತಲ್ಲ ಅಂದ್ರ, ಅರ್ಜಿಗೆ ಸಹಿ ಹಾಕ್ತೀನಿ. ಹುಡುಗಿ ಪರೀಕ್ಷಾ ತಪ್ಪಬಾರದು."

ಹಾಗೆ ಮಾರ್ಚಿನ ಮೊದಲ ಶನಿವಾರ ಹೊರಗಿನ ಪರೀಕ್ಷಕ ನರಸಿಂಹ ಬಂದರು. ಸ್ಪ್ಯಾನಿಷ್ ಕಲಿಸಿಯೇ ನಿವೃತ್ತರಾದ ಮೇಷ್ಟ್ರು. ಕಿಟಕಿಯ ಮೇಜಿಗೆ ಗದಿಗೆಮ್ಮ ಮತ್ತು ದೀಪ್ತಿ. ಬದಿಯ ಬೆಂಚಿನ ಮೇಲೆ ನರಸಿಂಹ, ಸುಹಾಸಿನಿ, ಕಾಶಿನಾಥರು. ಕಾಶಿನಾಥರ ತೊಡೆಯ ಮೇಲೆ ಆ ಅರ್ಜಿ, ಅದರ ಮೇಲೆ ಮುಚ್ಚಳ ತೆಗೆದಿಟ್ಟ ಪೆನ್ನು.

ದೀಪ್ತಿ ಹೆದರಿದ್ದಳು. ಹೆದರಿದವರು ಬಾಯಿಪಾಠಕ್ಕೆ ಓಡುತ್ತಾರೆ. ನಗರದ ಮಕ್ಕಳು ಮನೆಮಾತು ಮರೆಯುವ ಬಗ್ಗೆ ಒಂದು ಪ್ರಬಂಧವನ್ನೇ ಒಪ್ಪಿಸತೊಡಗಿದಳು. ಗದಿಗೆಮ್ಮ ಒಮ್ಮೆ ತಲೆ ಆಡಿಸಿದ್ದರೂ ಸಾಕಿತ್ತು, ಅದೊಂದು ಸಂಭಾಷಣೆಯಂತೆ ಕಾಣುತ್ತಿತ್ತು. ಅವರು ಬೀಜ ತಳ್ಳಿದರು. ಇನ್ನೊಂದು. ಮತ್ತೊಂದು. ಐದು ನಿಮಿಷಕ್ಕೆ ಹನ್ನೊಂದು ಬೀಜ. ಸ್ಪ್ಯಾನಿಷ್ ಬಾರದ ಕಾಶಿನಾಥರಿಗೂ ಬೀಜದ ಭಾಷೆ ತಿಳಿಯಿತು. "ಸ್ವಲ್ಪ ತಲಿ ಆಡಸಬಾರದಾ ಈ ಹೆಣ್ಮಗಳು," ಎಂದು ಗೊಣಗಿದರು.

ಹನ್ನೊಂದನೆಯ ಬೀಜಕ್ಕೆ ದೀಪ್ತಿಯ ಪ್ರಬಂಧ ಕೆಟ್ಟು ನಿಂತಿತು. ಅವಳು ಉಸಿರು ತೆಗೆದುಕೊಂಡು ಮೊದಲಿನಿಂದ ಶುರು ಮಾಡಿದಳು, ಈ ಸಲ ಸಣ್ಣ ಮಾತಿನಲ್ಲಿ. ನನ್ನ ಅಜ್ಜಿ ಕನ್ನಡ ಆಡುತ್ತಾಳೆ. ನನ್ನ ಅಮ್ಮನಿಗೆ ಸ್ವಲ್ಪ ಬರುತ್ತದೆ. ನನಗೆ ಇನ್ನೂ ಕಡಿಮೆ. ನನಗೆ ಮಗು ಹುಟ್ಟಿದರೆ ಅದಕ್ಕೆ ಅಜ್ಜಿ ಅರ್ಥವಾಗುವುದಿಲ್ಲ. ಆಮೇಲೆ ಒಂದೂ ಬೀಜ ಅಲ್ಲಾಡಲಿಲ್ಲ. ಅಜ್ಜಿ ಈಗ ಯಾರ ಜೊತೆ ಮಾತಾಡುತ್ತಾಳೆ ಎಂದು ಗದಿಗೆಮ್ಮ ಕೇಳಿದರು. ಟಿವಿಯ ಜೊತೆ, ಎಂದಳು ದೀಪ್ತಿ. ನರಸಿಂಹ ಏನೋ ಬರೆದುಕೊಂಡರು.

ಆಮೇಲೆ ತಲೆ ಎತ್ತಿ, "ಇಷ್ಟು ಹೊತ್ತು ಒಬ್ಬರೇ ಹೇಳಿದ್ದಾಯಿತು. ಜೊತೆಗಾರರು ಅಂದಮೇಲೆ ಎರಡೂ ಕಡೆ ಮಾತು ಇರಬೇಕು. ನೀನು ಅವರನ್ನೇನಾದರೂ ಕೇಳಮ್ಮ," ಎಂದರು.

ದೀಪ್ತಿ ಒಂದು ಪ್ರಶ್ನೆಗಾಗಿ ತಡಕಾಡಿದಳು. ಮೂರು ಲೆವೆಲ್ ಕಲಿತವಳು, ಭೂತ, ಭವಿಷ್ಯತ್ ಎಂದು ಕಾಲಜ್ಞಾನವೆಲ್ಲ ಕೈವಶ. ಕಷ್ಟ ಭಾಷೆಯದಲ್ಲ. ಹದಿನೆಂಟು ತಾಸು ಎದುರಿಗೆ ಕೂತಿದ್ದ ಈ ಹೆಂಗಸನ್ನು ತಾನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ ಎಂಬುದು ಆ ಗಳಿಗೆಯಲ್ಲಿ ಅವಳಿಗೆ ತಿಳಿಯಿತು. "ಏನು ಕೇಳಬೇಕು ಅಂತ ತಿಳಿಯಲಿಕ್ಕೆ ಅವರ ಬಗ್ಗೆ ಏನಾದರೂ ಗೊತ್ತಿರಬೇಕಲ್ಲ," ಎಂದು ಆಮೇಲೆ ಅವಳೇ ಹೇಳಿದ್ದುಂಟು. ಕೊನೆಗೆ ಮೊದಲನೇ ಲೆವೆಲ್ಲಿನ ಮೂರನೇ ಪಾಠಕ್ಕೆ ಹೋಗಿ ಒಂದು ಪ್ರಶ್ನೆ ತಂದಳು. ನಿಮ್ಮ ಅಪ್ಪ ಏನು ಮಾಡುತ್ತಾರೆ?

ಗದಿಗೆಮ್ಮ ಸೆರಗು ಸರಿಮಾಡಿಕೊಂಡರು. ಒಂದೊಂದೇ ಮಾತು, ನಡುವೆ ಬೇಕಾದಷ್ಟು ಜಾಗ ಬಿಟ್ಟು, ಸ್ಪ್ಯಾನಿಷಿನಲ್ಲಿ ಹೇಳಿದರು.

"ಏನಂದ್ಲು?" ಕಾಶಿನಾಥರು ಸುಹಾಸಿನಿಯವರತ್ತ ಬಾಗಿದರು.

ಸುಹಾಸಿನಿ ಇದ್ದದ್ದನ್ನು ಇದ್ದಂತೆ ಕನ್ನಡಕ್ಕೆ ತಂದರು. "ಅಪ್ಪ ಮನಿ ಕಟ್ತಾನ. ಭಾಳ ಮನಿ ಕಟ್ತಾನ. ಅಪ್ಪ ಇಲ್ಲ. ಮನಿ ಅದಾವ. ಅದರಾಗ ಒಂದು ಈ ಕಾಲೇಜಿನ ಹಿಂದ ಐತಿ, ಹಸಿರು ಬಾಗಿಲು."

ಹಸಿರು ಬಾಗಿಲಿನ ಮನೆ ಯಾವುದೆಂದು ದೀಪ್ತಿ ಕೇಳಿದಳು. ಗದಿಗೆಮ್ಮ ಕಿಟಕಿಯಿಂದ ಬೊಟ್ಟು ಮಾಡಿ ತೋರಿಸಿದರು. ಅಲ್ಲಿ ಯಾರಿದ್ದಾರೆ? ಗೊತ್ತಿಲ್ಲ. ಒಳಗೆ ಹೋಗಿದ್ದೀರಾ? ಹೌದು, ಬಾಗಿಲು ಇಲ್ಲದಾಗ. ಪ್ರಶ್ನೆ ಪ್ರಶ್ನೆಯನ್ನು ಎಳೆದುಕೊಂಡು ಬಂತು. ಹತ್ತು ನಿಮಿಷಕ್ಕೆಂದು ಕೂತವರು ಇಪ್ಪತ್ತೈದು ನಿಮಿಷಕ್ಕೂ ಏಳಲಿಲ್ಲ. ನರಸಿಂಹ ಟಿಪ್ಪಣಿಯ ಪುಸ್ತಕ ಮುಚ್ಚಿ ಸುಮ್ಮನೆ ಕೇಳುತ್ತ ಕೂತರು. ಕಾಶಿನಾಥರು ಪೆನ್ನಿಗೆ ಮುಚ್ಚಳ ಹಾಕಿ, ಅರ್ಜಿಯನ್ನು ನಾಲ್ಕು ಮಡಿಕೆ ಮಡಿಸಿ, ಅಂಗಿಯ ಕಿಸೆಗೆ ಸೇರಿಸಿದರು.

ನರಸಿಂಹರ ವರದಿ ಎರಡೇ ಸಾಲು. ಈ ವರ್ಷದ ತಾಸುಗಳೆಲ್ಲ ಸಿಂಧು. ಮುಂದಿನ ವರ್ಷದಿಂದ ಜೊತೆಗಾರರು ಕಡ್ಡಾಯವಾಗಿ ಪ್ರವೇಶ ಪಡೆದವರಾಗಿರತಕ್ಕದ್ದು.

ಮೊದಲ ಸಾಲು ದೀಪ್ತಿಯನ್ನು ಉಳಿಸಿತು. ಅವಳ ಪರೀಕ್ಷೆ ಸೋಮವಾರ. ಇವತ್ತಿನದು ಅವಳ ಇಪ್ಪತ್ತನೆಯ ತಾಸು, ಮಹಾನಗರಗಳ ನೀರಿನ ಸಮಸ್ಯೆಗೆ ಬಿದ್ದದ್ದು ಒಟ್ಟು ಐದು ಬೀಜ. ತಾಸು ಮುಗಿದ ಮೇಲೂ ಅವಳು ಏಳುವುದಿಲ್ಲ. ಲಿಂಗಣ್ಣ ಇವತ್ತು ಏನಂದ ಎಂದು ಕೇಳಿ, ಉತ್ತರ ಕೇಳಿ, ನಕ್ಕು, ಆಮೇಲೆ ಹೆಲ್ಮೆಟ್ ಎತ್ತಿಕೊಳ್ಳುತ್ತಾಳೆ. ಗದಿಗೆಮ್ಮ ರಿಜಿಸ್ಟರು ತೆರೆದು ಹೆಸರು ಬರೆಯುತ್ತಾರೆ. ಈ ವರ್ಷದ ಕೊನೆಯ ಸಹಿ.

ಎರಡನೆಯ ಸಾಲು ಇನ್ನೂ ತೂಗಾಡುತ್ತಿದೆ. ಮೊದಲನೇ ಲೆವೆಲ್ಲಿಗೆ ಸೇರಲೂ ಹತ್ತನೇ ತರಗತಿ ಪಾಸಾಗಿರಬೇಕು. ಸುಹಾಸಿನಿ ಓಪನ್ ಸ್ಕೂಲಿನ ಫಾರ್ಮು ತಂದು ತುಂಬಿಸಿದ್ದಾರೆ. ಗದಿಗೆಮ್ಮನಿಗೆ ಗಣಿತದ ಭಯ, ಅದರಲ್ಲೂ ಭಿನ್ನರಾಶಿಯದು. ಲಿಂಗಣ್ಣ ಫಾರ್ಮು ನೋಡಿ, "ಹತ್ತನೇತ್ತ ಪಾಸಾದ್ರ ನನ್ನ ಕೂಡ ಇರತೀಯೋ, ಸ್ಪೇನಿಗೇ ಹೋಗ್ತೀಯೋ?" ಎಂದು ಕೇಳಿದ್ದಾನೆ. ಆದರೆ ಫೋಟೊ ತೆಗೆಸಲು ಸ್ಟುಡಿಯೊಗೆ ಕರೆದುಕೊಂಡು ಹೋದವನೂ ಅವನೇ.

ಹತ್ತನೆಯದು ಒಂದು ದಾಟಿಬಿಟ್ಟರೆ, ಹದಿನಾರು ವರ್ಷದ ಅಭ್ಯಾಸ ನೋಡಿ ನೇರವಾಗಿ ಎರಡನೇ ಲೆವೆಲ್ಲಿಗೆ ಕೂರಿಸಬಹುದು ಎಂಬುದು ಸುಹಾಸಿನಿಯವರ ಲೆಕ್ಕ. ಗದಿಗೆಮ್ಮ ಮಾತ್ರ ಒಪ್ಪುತ್ತಿಲ್ಲ.

"ಬ್ಯಾಡ್ರಿ ಮೇಡಂ. ನನಗ ಮೊದಲನೇ ಲೆವೆಲ್ಲೇ ಇರಲಿ. ಅಲ್ಲಿ ಎಲ್ಲಾರೂ ಎಲ್ಲಾರ ಹೆಸರು ಕೇಳ್ತಾರ."